ಪ್ಯಾಟರ್ನ್ ಮೂರ್ತಪ್ಪನವರ ಜೋಡಿ ಎಳೆ

ಭದ್ರಾವತಿಯ ಜನ್ನಾಪುರದಲ್ಲಿ ಬರೀ ಮೂರ್ತಪ್ಪ ಎಂದು ವಿಚಾರಿಸಿದರೆ ಜನ ನಾಲ್ಕು ಕಡೆ ಕೈ ತೋರಿಸುತ್ತಿದ್ದರು. ಪ್ಯಾಟರ್ನ್ ಮೂರ್ತಪ್ಪ ಎಂದರೆ ಒಂದೇ ಕಡೆ. ಉಕ್ಕಿನ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮೀಸೆ ಚಿಗುರುವ ವಯಸ್ಸಿನಿಂದ ತಲೆ ನರೆಯುವವರೆಗೆ ದುಡಿದು, 2001ರಲ್ಲಿ ಸ್ವಯಂನಿವೃತ್ತಿ ಪಡೆದು ಮನೆಗೆ ಬಂದವರು ಅವರು. ಕೆಲಸ ಬಿಟ್ಟರೂ ಕೆಲಸದ ಹೆಸರು ಅವರನ್ನು ಬಿಡಲಿಲ್ಲ. ಅವರಿಗೂ ಅದು ಬಿಡುವುದು ಬೇಕಿರಲಿಲ್ಲ.

ಎರಕ ಹೊಯ್ಯುವ ಮೊದಲು ಬೇಕಾದ ವಸ್ತುವಿನ ರೂಪವನ್ನು ಮರದಲ್ಲಿ ಕೆತ್ತಬೇಕಾಗುತ್ತದೆ. ಆ ಮರದ ರೂಪವೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಹೂತು, ಮರಳನ್ನು ದಮ್ಮಸು ಮಾಡಿ, ಮೆಲ್ಲನೆ ಮೇಲಕ್ಕೆತ್ತಿದರೆ ಕೆಳಗೆ ಒಂದು ಪೊಳ್ಳು ಉಳಿಯುತ್ತದೆ. ಕರಗಿದ ಉಕ್ಕು ಆ ಪೊಳ್ಳಿಗೆ ಹರಿದು ಗಟ್ಟಿಯಾಗುತ್ತದೆ. ಮರದಲ್ಲಿ ತಪ್ಪಿದ್ದು ಉಕ್ಕಿನಲ್ಲೂ ತಪ್ಪುತ್ತದೆ. ಹಾಗೆ ತಪ್ಪಿದಾಗ ಅಚ್ಚು ಹಾಕುವ ಮೋಲ್ಡರು ಆ ಪ್ಯಾಟರ್ನನ್ನು ಹೆಗಲ ಮೇಲೆ ಹೊತ್ತು ತಂದು, ಎಲ್ಲರೂ ನೋಡುವಂತೆ, ಅದನ್ನು ಮಾಡಿದವನ ಬೆಂಚಿನ ಮೇಲಿಡುವುದು ಅಲ್ಲಿನ ರೂಢಿ. ವಾಪಸ್ ಬಂತು ಎಂಬ ಎರಡೇ ಮಾತು ಶಾಪಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಮೂರ್ತಪ್ಪನವರ ಬೆಂಚಿಗೆ ಹಾಗೆ ವಾಪಸ್ ಬಂದದ್ದು ಒಂದೂ ಇಲ್ಲ. ಇದನ್ನು ಅವರೇ ಹೇಳಿಕೊಂಡರೆ ಜಂಭ ಎನ್ನಬಹುದಿತ್ತು. ಆದರೆ ಅವರ ಪ್ಯಾಟರ್ನುಗಳಿಗೆ ಜೀವಮಾನವಿಡೀ ಅಚ್ಚು ಹಾಕಿದ ಮೋಲ್ಡರ್ ಉಜ್ಜನಪ್ಪನೇ ಹೇಳುತ್ತಿದ್ದ. ಯಾರ ತಪ್ಪಾದರೂ ಬಾಯಿ ಮುಚ್ಚಿಕೊಂಡಿರುವ ಆಸಾಮಿ ಅವನಲ್ಲ.

ಬೀಳ್ಕೊಡುಗೆಯ ದಿನ ಗೆಳೆಯರು ಮೂರ್ತಪ್ಪನವರಿಗೆ ಶಾಲು ಹೊದಿಸಿ ಒಂದು ಉಕ್ಕಿನ ಸ್ಕೇಲು ಕೊಟ್ಟರು. ಅದು ಅಂಗಡಿಯಲ್ಲಿ ಸಿಗುವ ಸ್ಕೇಲಲ್ಲ. ಉಕ್ಕು ತಣಿಯುವಾಗ ಕುಗ್ಗುತ್ತದೆ, ಅಡಿಗೆ ಸುಮಾರು ಕಾಲಿಂಚು. ಆದ್ದರಿಂದ ಪ್ಯಾಟರ್ನನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಸ್ಕೇಲಿನಲ್ಲೇ ಇಂಚುಗಳನ್ನು ಅಷ್ಟಷ್ಟು ಹಿಗ್ಗಿಸಿ ಗೀಟು ಹಾಕಿರುತ್ತಾರೆ. ಶಾಪಿನಲ್ಲಿ ಅದನ್ನು ಕಂಟ್ರಾಕ್ಷನ್ ಸ್ಕೇಲು ಎನ್ನುತ್ತಿದ್ದರು. ನೋಡಲು ಮಾಮೂಲಿ ಅಡಿಪಟ್ಟಿಯಂತೆಯೇ ಇರುತ್ತದೆ, ಹನ್ನೆರಡು ಇಂಚು, ಹನ್ನೆರಡು ಅಂಕಿ. ಕೈಗೆ ಕೊಡುವಾಗ ಹಿರಿಯರೊಬ್ಬರು, ಗಂಡುಮಗ ಇದ್ದಿದ್ದರೆ ಮುಂದೆ ಇದು ಅವನ ಕೈಗೆ ಹೋಗುತ್ತಿತ್ತು, ಏನು ಮಾಡುವುದು, ಈ ಕೈಗುಣ ನಿನ್ನಲ್ಲಿಗೇ ನಿಂತಿತು ಎಂದು ನೊಂದುಕೊಂಡರು. ಮೂರ್ತಪ್ಪನವರು ಸ್ಕೇಲನ್ನು ಶಾಲಿನಲ್ಲಿ ಸುತ್ತಿ ಮನೆಗೆ ತಂದು, ಉಳಿಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು. ಆ ಪೆಟ್ಟಿಗೆಯನ್ನು ಹೆಂಡತಿ ಸಣ್ಣಮ್ಮನವರಾಗಲಿ ಒಬ್ಬಳೇ ಮಗಳು ಪುಷ್ಪಾ ಆಗಲಿ ಮುಟ್ಟುತ್ತಿರಲಿಲ್ಲ.

ಮಗಳಿಗೆ ಅವರಿಂದ ಬಂದದ್ದು ಒಂದಿತ್ತು. ಮೂರ್ತಪ್ಪನವರ ಎರಡೂ ಕೈಗಳ ಕಿರುಬೆರಳು ತುದಿಯಲ್ಲಿ ಉಂಗುರಬೆರಳಿನ ಕಡೆಗೆ ಬಾಗಿತ್ತು. ಅವರ ತಾಯಿ ಲಿಂಗಮ್ಮನವರದೂ ಹಾಗೆಯೇ ಇತ್ತು. ಪುಷ್ಪಾ ಹುಟ್ಟಿದಾಗ ಲಿಂಗಮ್ಮ ಕೂಸಿನ ಮುಷ್ಟಿ ಬಿಡಿಸಿ ನೋಡಿ, ಇದು ನಂದೇ ಎಂದು ಬಾಣಂತಿ ಕೋಣೆಯಲ್ಲೇ ನಕ್ಕಿದ್ದರಂತೆ.

ಆ ಕೂಸು ಬೆಳೆದು, ಶಂಕರಘಟ್ಟದಲ್ಲಿ ಎಂ.ಎಸ್ಸಿ. ಮುಗಿಸಿ, ಶಿವಮೊಗ್ಗದ ವಿದ್ಯಾನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯಾಯಿತು. 2003ರಲ್ಲಿ ಡಿಎನ್‌ಎಯ ರಚನೆ ತಿಳಿದು ಐವತ್ತು ವರ್ಷವಾಗುತ್ತಿತ್ತು. ವಿಭಾಗದ ಮುಖ್ಯಸ್ಥ ರೇಣುಕಾಪ್ರಸಾದರು ಆ ನೆನಪಿಗೆ ಒಂದು ಸಮಾರಂಭ ಇಟ್ಟುಕೊಂಡು, ಬೆಂಗಳೂರಿನಿಂದ ಪ್ಲಾಸ್ಟಿಕ್ಕಿನ ಮಾದರಿಯೊಂದನ್ನು ತರಿಸುವ ಯೋಚನೆಯಲ್ಲಿದ್ದರು. ಅದರ ಚಿತ್ರ ನೋಡಿದರೆ ಮೊಣಕಾಲೆತ್ತರವೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತಿದ್ದಾಗ ಪುಷ್ಪಾ ಹಿಂದುಮುಂದು ನೋಡದೆ, ನಮ್ಮ ತಂದೆ ಮಾಡಿಕೊಡುತ್ತಾರೆ ಸಾರ್, ಮರದಲ್ಲಿ, ಆಳೆತ್ತರದ್ದು ಎಂದುಬಿಟ್ಟಳು. ಮೇಷ್ಟ್ರು ಒಪ್ಪಿದರು. ಆ ಸಂಜೆ ಬಸ್ಸು ಮಲವಗೊಪ್ಪ ದಾಟುವ ಹೊತ್ತಿಗೆ, ಅಪ್ಪನನ್ನು ಕೇಳದೆ ಅಪ್ಪನ ಪರವಾಗಿ ಮಾತು ಕೊಟ್ಟುಬಂದದ್ದು ಅವಳಿಗೆ ಭಾರವಾಗತೊಡಗಿತು.

ಮನೆಯಲ್ಲಿ ಸಂಗತಿ ಕೇಳಿದ ಮೂರ್ತಪ್ಪನವರು ಆಗುತ್ತದೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ತಟ್ಟೆಯಿಂದ ತಲೆಯೆತ್ತಿ ಕೇಳಿದರು.

"ಡ್ರಾಯಿಂಗ್ ಎಲ್ಲಿ?"

ಪುಷ್ಪಾ ಒಂದು ವಾರ ಕೂತು ಡ್ರಾಯಿಂಗ್ ಹಾಕಿದಳು. ಚಾರ್ಟ್ ಹಾಳೆಗಳನ್ನು ಅಂಟಿಸಿ ನಡುಮನೆಯ ಗೋಡೆಗೆ ಹಚ್ಚಿದಾಗ ಅದು ಒಂದು ಉದ್ದನೆಯ ಏಣಿಯಂತಿತ್ತು. ಏಣಿಯ ಎರಡು ಪಕ್ಕದ ಗಳುಗಳು ಎರಡು ಎಳೆಗಳು. ಸಕ್ಕರೆ ಮತ್ತು ಫಾಸ್ಫೇಟ್ ಎಂಬ ತುಣುಕುಗಳು ಒಂದರ ಬೆನ್ನಿಗೊಂದು ಪೋಣಿಸಿಕೊಂಡು ಆದಂಥವು. ನಡುವಿನ ಒಂದೊಂದು ಮೆಟ್ಟಿಲೂ ಎರಡು ತುಂಡುಗಳದ್ದು, ಅರ್ಧ ಈ ಎಳೆಯದು, ಅರ್ಧ ಆ ಎಳೆಯದು. ತುಂಡುಗಳು ಒಟ್ಟು ನಾಲ್ಕು ಬಗೆ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಅಡೆನಿನ್ ಎದುರಿಗೆ ಥೈಮಿನ್ನೇ ಬರಬೇಕು, ಗ್ವಾನಿನ್ ಎದುರಿಗೆ ಸೈಟೊಸಿನ್ನೇ. ಮೊದಲನೆಯ ಜೋಡಿಯನ್ನು ಎರಡು ಕೊಂಡಿಗಳು ಹಿಡಿದಿರುತ್ತವೆ, ಎರಡನೆಯದನ್ನು ಮೂರು. ಹೀಗೆ ಕೂಡಿಸಿದ ಏಣಿಯನ್ನು ಎರಡು ತುದಿ ಹಿಡಿದು ಬಲಕ್ಕೆ ತಿರುಚಿದರೆ ಡಿಎನ್‌ಎಯ ಜೋಡಿ ಸುರುಳಿಯಾಗುತ್ತದೆ. ಒಂದು ಪೂರ್ತಿ ಸುತ್ತಿಗೆ ಸುಮಾರು ಹತ್ತು ಮೆಟ್ಟಿಲು.

ಮೂರ್ತಪ್ಪನವರು ಕನ್ನಡಕ ಏರಿಸಿಕೊಂಡು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಕೊಂಡಿಗಳ ಸಂಗತಿ ಅವರಿಗೆ ಹಿಡಿಸಿತು. ಎರಡು ಹೋಳಿನ ಪ್ಯಾಟರ್ನ್ ಮಾಡುವಾಗ ಹೋಳುಗಳು ಉಲ್ಟಾ ಕೂರದಿರಲೆಂದು ಗೂಟಗಳನ್ನು ಬೇಕೆಂದೇ ಏರುಪೇರಾಗಿ ಇಡುವ ಪದ್ಧತಿ ಶಾಪಿನಲ್ಲಿಯೂ ಇತ್ತು. ಎರಡು ಗೂಟದ ತುಂಡು ಮೂರು ತೂತಿನ ತುಂಡಿಗೆ ಕೂರುವುದಿಲ್ಲ. ತಪ್ಪು ಜೋಡಿ ಸೇರಿಸಲು ಹೋದರೂ ಸೇರುವುದಿಲ್ಲ. ಇದನ್ನು ಮಾಡಿದವನು ಯಾರೋ ಕೆಲಸ ಬಲ್ಲವನು ಎಂದರು.

ಈ ಮೆಟ್ಟಿಲುಗಳು ಏನು ಹೇಳುತ್ತವೆ ಎಂದು ಅವರು ಕೇಳಿದರು. ಮೈ ಕಟ್ಟುವ ಪ್ರೋಟೀನುಗಳನ್ನು ಹೇಗೆ ಜೋಡಿಸಬೇಕು ಎಂಬುದು ಆ ನಾಲ್ಕು ತುಂಡುಗಳ ಸಾಲಿನಲ್ಲಿ ಇರುತ್ತದೆ, ತಂದೆತಾಯಿಯಿಂದ ಮಕ್ಕಳಿಗೆ ಇಳಿದು ಬರುವುದೇ ಈ ಸಾಲು ಎಂದು ಪುಷ್ಪಾ ವಿವರಿಸಿದಳು. ಅಂದರೆ ಇದೂ ಒಂದು ಡ್ರಾಯಿಂಗೇ ಎಂದು ಮೂರ್ತಪ್ಪನವರು ತಮಗೆ ತಾವೇ ಒಪ್ಪಿಸಿಕೊಂಡು, ಬಾಗಿದ ಕಿರುಬೆರಳಿನಿಂದ ಒಂದು ಗಳುವನ್ನು ಮುಟ್ಟಿದರು.

"ಹಾಗಾದ್ರೆ ಈ ಕಡೆ ಎಳೆ ಅಪ್ಪಂದು, ಆ ಕಡೇದು ಅವ್ವಂದು. ಅಲ್ವೇನಮ್ಮ?"

"ಎಲ್ಲರೂ ಹಾಗೇ ಅಂದ್ಕೋತಾರೆ ಅಪ್ಪ. ಹಾಗಲ್ಲ. ಇಡೀ ಏಣಿಗಳೇ ಬರ್ತವೆ, ಒಂದು ಕಂತೆ ಅಪ್ಪನಿಂದ, ಅಂಥದ್ದೇ ಒಂದು ಕಂತೆ ಅಮ್ಮನಿಂದ. ಅಜ್ಜಿ ಬೆರಳು ನಿಮಗೆ ಬಂದಿದ್ದು ಅಜ್ಜಿ ಕೊಟ್ಟ ಏಣಿಯಲ್ಲಿ. ಅದೇ ನನಗೂ ದಾಟಿದೆ. ಅದು ಗಂಡು ಹೆಣ್ಣು ನೋಡಿ ದಾಟಿದ್ದಲ್ಲ."

"ಮತ್ತೆ ಕೈಗುಣ?"

"ಕೈಗುಣ ಕಲಿಸಿದ್ರೆ ಬರೋದು ಅಪ್ಪ. ಪೆಟ್ಟಿಗೆ ಮುಟ್ಟಕ್ಕೇ ಬಿಡದಿದ್ರೆ ಎಲ್ಲಿಂದ ಬರುತ್ತೆ?"

ಒಲೆಯ ಹತ್ತಿರದಿಂದ ಸಣ್ಣಮ್ಮನವರು, ಅರ್ಧ ನಂದೂ ಇದೆ ಎಂದಾಯಿತಲ್ಲ, ಮತ್ತೆ ಇಷ್ಟು ದಿನ ಅಪ್ಪನ ಮಗಳು ಅಪ್ಪನ ಮಗಳು ಎಂದು ಕುಣಿಸಿದ್ದೇಕೆ ಎಂದು ಕೇಳಿದರು.

ಮೂರ್ತಪ್ಪನವರು ಕೊನೆಗೆ ತಮ್ಮ ಕಸುಬಿನ ಪ್ರಶ್ನೆ ಕೇಳಿದರು: ಇದರ ಎರಕ ಯಾವುದರಲ್ಲಿ? ಎರಕವಿಲ್ಲ, ಮರದ್ದೇ ಕೊನೆ ಎಂದಳು ಪುಷ್ಪಾ. ಅವರು ತಲೆಯಾಡಿಸಿದರು. ಆ ಮಾತು ಅವರ ಕಿವಿಗೆ ಬಿತ್ತು. ಕೈಗೆ ಮಾತ್ರ ಮುಟ್ಟಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕೆಲಸ ಹಂಚಿಕೊಳ್ಳುವಾಗ ಪುಷ್ಪಾ ಒಂದು ಎಳೆ ನನ್ನದು ಎಂದು ಹಟ ಹಿಡಿದಳು. ಹಿತ್ತಲ ಶೆಡ್ಡಿನಲ್ಲಿ ಕೂಡಿಟ್ಟಿದ್ದ ಸಾಗುವಾನಿ ತುಂಡುಗಳಿದ್ದವು. ಗಾಂಧಿ ಬಜಾರಿನಿಂದ ದಪ್ಪ ಅಲ್ಯೂಮಿನಿಯಂ ತಂತಿ ಮತ್ತು ನಾಲ್ಕು ಬಗೆಯ ತುಂಡುಗಳಿಗೆ ನಾಲ್ಕು ಬಣ್ಣ ಬಂದವು. ಮರದ ಗುಂಡುಗಳನ್ನು ತಂತಿಗೆ ಪೋಣಿಸಿ ಎಳೆ ಮಾಡುವುದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಐದು ಇಂಚು ಬಿಟ್ಟು ಅರ್ಧ ಮೆಟ್ಟಿಲುಗಳನ್ನು ಕೂರಿಸುವುದು, ಹೀಗೆ ಎಂಟು ಅಡಿ ಉದ್ದದ ಎಳೆ ಎರಡು. ಮೂರ್ತಪ್ಪನವರ ಎಳೆ ದಸರಾ ರಜೆ ಸಿಗುವ ಹೊತ್ತಿಗೆ ಮುಗಿದು, ಬಣ್ಣ ಕಂಡು, ಗೋಡೆಗೆ ಒರಗಿತ್ತು.

ಪುಷ್ಪಾಳಿಗೆ ಬಿಡುವು ಸಿಕ್ಕಿದ್ದೇ ರಜೆಯಲ್ಲಿ. ಆದರೆ ಅವಳು ಗುರುತು ಹಾಕಲು ಕೂತ ದಿನ ಆಯುಧಪೂಜೆ. ಗರಗಸ, ಉಳಿ, ಮರ ಹೆರೆಯುವ ತೋಪಡಾ ಎಲ್ಲಕ್ಕೂ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಮೂರ್ತಪ್ಪನವರು ದೇವರ ಮುಂದೆ ಸಾಲಾಗಿ ಜೋಡಿಸಿದ್ದರು. ಬೀಳ್ಕೊಡುಗೆಯ ಸ್ಕೇಲು ಸಾಲಿನ ನಡುವೆ ಮೆರೆಯುತ್ತಿತ್ತು. ಮಾರನೆಯ ದಿನ ಮಂಗಳಾರತಿ ಆಗುವವರೆಗೆ ಅವುಗಳನ್ನು ಕೆಲಸಕ್ಕೆ ತೆಗೆಯುವಂತಿಲ್ಲ. ಕಾರ್ಖಾನೆಯಲ್ಲಿ ಇಷ್ಟು ವರ್ಷ ನಡೆಸಿಕೊಂಡು ಬಂದ ಕಟ್ಟುಪಾಡು. ಪೆನ್ಸಿಲ್ ಆಯುಧವಲ್ಲ ಎಂದು ಅಮ್ಮನಿಂದ ಒಪ್ಪಿಗೆ ಪಡೆದ ಪುಷ್ಪಾ, ಕಾಲೇಜಿನ ಚೀಲದಲ್ಲಿದ್ದ ತನ್ನ ಸ್ಕೇಲನ್ನು ತೆಗೆದು ಒಂದೇ ಕೂತಿಗೆ ಎಲ್ಲ ಗುರುತುಗಳನ್ನೂ ಹಾಕಿ ಮುಗಿಸಿದಳು. ವಿಜಯದಶಮಿಯ ಮಧ್ಯಾಹ್ನ ಮೂರ್ತಪ್ಪನವರೇ ಕುಂಕುಮದ ಗರಗಸವನ್ನು ಅವಳ ಕೈಗೆ ಕೊಟ್ಟರು. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಗರಗಸವನ್ನು ಒತ್ತಬೇಡ, ಅದರ ಭಾರಕ್ಕೆ ಅದು ಕೊಯ್ಯುತ್ತದೆ ಎಂದು ಅವರು ಹೇಳಿಕೊಟ್ಟರು, ತಪ್ಪಿದಾಗ ಬೈದರು, ಸರಿಯಾದಾಗ ಸುಮ್ಮನಿದ್ದರು. ಅವಳ ಎಳೆಯಲ್ಲಿ ದಿಕ್ಕು ತೋರಿಸುವ ಬಾಣದ ಗುರುತುಗಳು ಕೆಳಮುಖವಾಗಿರುವುದು ಕಂಡು, ತಲೆಕೆಳಗು ಮಾಡಿದ್ದೀಯ ಎಂದು ಒಮ್ಮೆ ರೇಗಿದರು. ಡಿಎನ್‌ಎಯಲ್ಲಿ ಎರಡು ಎಳೆಗಳು ಎದುರುಬದುರು ದಿಕ್ಕಿಗೇ ಓಡುತ್ತವೆ, ಡ್ರಾಯಿಂಗ್ ನೋಡಿ ಎಂದು ಪುಷ್ಪಾ ತೋರಿಸಿದ ಮೇಲೆ ಒಪ್ಪಿದರು.

ಸಮಾರಂಭಕ್ಕೆ ಒಂದು ವಾರ ಉಳಿದಿದ್ದಾಗ, ಭಾನುವಾರ, ರೇಣುಕಾಪ್ರಸಾದರು ನೋಡಲು ಬಂದರು. ಏಣಿ ತಿರುಚಲು ಇನ್ನೊಂದು ಕೈ ಬೇಕೆಂದು ಮೂರ್ತಪ್ಪನವರು ಉಜ್ಜನಪ್ಪನಿಗೂ ಹೇಳಿಕಳಿಸಿದ್ದರು. ನಡುಮನೆಯ ಕುರ್ಚಿಗಳನ್ನೆಲ್ಲ ಹೊರಗಿಟ್ಟು, ಎರಡು ಎಳೆಗಳನ್ನು ನೆಲದ ಮೇಲೆ ಪಕ್ಕಪಕ್ಕ ಮಲಗಿಸಿದರು. ಮೂರ್ತಪ್ಪನವರು ಒಂದು ತುದಿಯಿಂದ ಕೂಡಿಸುತ್ತ ಹೊರಟರು. ಮೊದಲ ಜೋಡಿ ಟಕ್ಕೆಂದು ಕೂತಿತು. ಮೇಷ್ಟ್ರು ಬಗ್ಗಿ ನೋಡಿ ಮೆಚ್ಚಿದರು. ಮುಂದಿನವೂ ಕೂತವು. ಆಮೇಲೆ ಸುತ್ತಿಗೆಯಿಂದ ತಟ್ಟಬೇಕಾಯಿತು. ಏಣಿಯ ನಡುಭಾಗಕ್ಕೆ ಬರುವ ಮೊದಲೇ ಗೂಟಗಳು ತೂತಿನ ಅಂಚಿಗೆ ತಾಗಿ ನಿಂತುಬಿಟ್ಟವು. ಅತ್ತ ಕೊನೆಯ ತುದಿಯಲ್ಲಿ ಅವರ ಗೂಟಗಳು ಮಗಳ ತೂತುಗಳಿಂದ ಎರಡು ಇಂಚು ಆಚೆ, ಬರೀ ಗಾಳಿಯನ್ನು ನೋಡುತ್ತಿದ್ದವು.

ರೇಣುಕಾಪ್ರಸಾದರು ಒಳ್ಳೆಯವರು, ಒಳ್ಳೆಯತನದಿಂದಲೇ, ಮರವೆಂದ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುವುದೇ, ಬೆಂಗಳೂರಿಗೆ ಫೋನ್ ಮಾಡಿದರೆ ಪ್ಲಾಸ್ಟಿಕ್ಕಿನದು ಹೊತ್ತಿಗೆ ಬಂದೀತು, ಇದನ್ನು ನಿಧಾನವಾಗಿ ಮುಗಿಸಿದರಾಯಿತು ಎಂದರು. ಮೂರ್ತಪ್ಪನವರ ಮುಖ ಕಪ್ಪಿಟ್ಟಿತು. ಬೆಂಚಿಗೆ ಎಂದೂ ಬಾರದ್ದು ಮನೆಯ ನೆಲಕ್ಕೇ ಬಂದಿತ್ತು. ಅದೂ ಉಜ್ಜನಪ್ಪನ ಕಣ್ಣೆದುರು. ಮಗಳು ಕಾಲೇಜಿನಲ್ಲಿ ಕೊಟ್ಟ ಮಾತೂ ಅದರ ಜೊತೆಗೇ ಬಿದ್ದಿತ್ತು.

"ಫೋನ್ ಆಮೇಲೆ ಮಾಡಿ ಸಾರ್," ಎಂದರು ಅವರು. "ಎಲ್ಲಿ ತಪ್ಪಿದೆ ಅಂತ ಮೊದಲು ನೋಡೋಣ."

ತಮ್ಮ ಸ್ಕೇಲು ತಂದು ಮಗಳ ಎಳೆಯನ್ನು ಅಳೆದರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಐದು ಇಂಚು ಎಲ್ಲಿಯೂ ಇರಲಿಲ್ಲ. ಎಲ್ಲ ಕಡೆ ಇಂಚಿನ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಪುಷ್ಪಾ ತನ್ನ ಸ್ಕೇಲು ತಂದು ಅಪ್ಪನ ಎಳೆಯನ್ನು ಅಳೆದಳು. ಅಲ್ಲಿ ಎಲ್ಲ ಕಡೆ ಅಷ್ಟೇ ಹೆಚ್ಚು. ನಿಂದು ಕಮ್ಮಿ ಕಣಮ್ಮ ಎಂದು ಅವರು, ನಿಮ್ಮದು ಹೆಚ್ಚು ಅಪ್ಪ ಎಂದು ಅವಳು, ಇಬ್ಬರ ದನಿಯೂ ಏರಿತು. ಕೊನೆಗೆ ಮೂರ್ತಪ್ಪನವರು, ಆ ಕಾಲೇಜಿನ ಸ್ಕೇಲೇ ಸವೆದಿರಬೇಕು, ಕೊಡು ಇಲ್ಲಿ ಎಂದು ಕೈಚಾಚಿದರು. ಎರಡು ಸ್ಕೇಲುಗಳನ್ನೂ ನೆಲದ ಮೇಲೆ ತಲೆಗೆ ತಲೆ ಸೇರಿಸಿ ಇಟ್ಟರು. ಒಂದರ ಎದುರು ಒಂದು, ಎರಡರ ಎದುರು ಎರಡು. ಅಂಕಿಗಳು ಮುಂದೆ ಸಾಗಿದಂತೆ ಒಂದಕ್ಕೊಂದು ಜಾರುತ್ತ ಹೋದವು. ಹನ್ನೆರಡಕ್ಕೆ ಬರುವಾಗ ಅವರ ಸ್ಕೇಲು ಮಗಳ ಸ್ಕೇಲಿಗಿಂತ ಕಾಲಿಂಚು ಮುಂದಿತ್ತು.

ಅವರು ಮಂಡಿಯೂರಿ ಕೂತೇ ಇದ್ದರು. ಉಜ್ಜನಪ್ಪ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಏನ್ ಮಾರಾಯ, ಮಗಳ ಡಿಎನ್‌ಎನ ಉಕ್ಕಲ್ಲಿ ಎರಕ ಹೊಯ್ಯಕ್ಕೆ ಹೊರಟಿದ್ಯಾ? ಹೇಳಿದ್ರೆ ಮರಳು ತರ್ತಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ಸಣ್ಣಮ್ಮನವರಿಗೆ ನಗು ತಡೆಯಲಾಗಲಿಲ್ಲ. ಉಜ್ಜನಪ್ಪ ಸ್ಕೇಲಿನ ಗುಟ್ಟನ್ನು ಬಿಡಿಸಿ ಹೇಳಿದ ಮೇಲೆ ಮೇಷ್ಟ್ರೂ ನಕ್ಕರು. ಅಪ್ಪನಿಗೆ ಅಂಥ ಸ್ಕೇಲೊಂದೇ ಸ್ಕೇಲಾಗಿ ಎಷ್ಟೋ ವರ್ಷಗಳಾಗಿದ್ದವು. ಹಬ್ಬದ ದಿನ ಅದು ದೇವರ ಮುಂದೆ ಇರದಿದ್ದರೆ ಪುಷ್ಪಾ ಅದನ್ನೇ ಕೇಳಿ ಪಡೆಯುತ್ತಿದ್ದಳು. ಆಗ ಇಬ್ಬರೂ ಒಂದೇ ಅಳತೆಯಲ್ಲಿ ಹೆಚ್ಚು ಮಾಡಿ, ಎರಡು ಎಳೆಗಳೂ ಜೋಡಿಯಾಗಿ ಕೂತು, ತಪ್ಪು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ನಗು ಇಳಿದ ಮೇಲೆ ಉಳಿದ ಪ್ರಶ್ನೆ ಒಂದೇ. ಎರಡರಲ್ಲಿ ಒಂದನ್ನು ಬಿಚ್ಚಬೇಕು, ಯಾವುದನ್ನು? ಅಪ್ಪನ ಕೆಲಸಕ್ಕೆ ಕೈ ಹಾಕುವುದು ಪುಷ್ಪಾಳಿಗೆ ಯೋಚನೆಗೂ ನಿಲುಕದ ಸಂಗತಿ. ಅವಳು ತನ್ನ ಎಳೆಯ ಕಡೆಗೆ ಕೈ ಚಾಚಿದ್ದಳು.

"ನಿಂದು ಬಿಡು," ಎಂದರು ಮೂರ್ತಪ್ಪನವರು. "ನಿಂದು ಡ್ರಾಯಿಂಗ್ ಪ್ರಕಾರ ಇದೆ. ಬಿಚ್ಚಬೇಕಾಗಿರೋದು ನಂದು."

ಉಜ್ಜನಪ್ಪ ನಗುವುದನ್ನು ನಿಲ್ಲಿಸಿದ. ಆ ಬಾಯಿಂದ ಆ ಮಾತು ಹೊರಡುವುದನ್ನು ಅವನು ಕೇಳಿರಲಿಲ್ಲ.

ಪುಷ್ಪಾ ಹೊಸದಾಗಿ ಗುರುತು ಹಾಕಲು ತನ್ನ ಸ್ಕೇಲು ಕೊಡಹೋದಳು. ಮೂರ್ತಪ್ಪನವರು ಎರಡು ಸ್ಕೇಲನ್ನೂ ಒಳಗಿಡು ಎಂದರು. ತಮ್ಮ ತಂತಿಯಿಂದ ಮೆಟ್ಟಿಲುಗಳನ್ನು ಒಂದೊಂದಾಗಿ ಬಿಡಿಸಿ ರಾಶಿ ಹಾಕಿದರು. ನೆಲದ ಮೇಲೆ ಮಗಳ ಎಳೆ ಒಂದೇ ಉಳಿಯಿತು, ಅರ್ಧ ಮೆಟ್ಟಿಲುಗಳು ಗಾಳಿಗೆ ಚಾಚಿಕೊಂಡು. ಅವರು ರಾಶಿಯಿಂದ ಸರಿಯಾದ ಜೊತೆಯನ್ನು ಆರಿಸಿ, ಮಗಳ ತುಂಡಿಗೆ ಮೊದಲು ಗೂಟ ಕೂರಿಸಿ, ಅದು ಎಲ್ಲಿ ಬಂದು ನಿಂತಿತೋ ಅಲ್ಲಿಯೇ ತಂತಿಗೆ ಬಿಗಿದರು. ನಡುವಿನ ಗುಂಡುಗಳು ಉದ್ದವಾದರೆ ಉಜ್ಜಿ ಕೂರಿಸಿದರು. ಹಳದಿ ಇದ್ದಲ್ಲಿ ಕೆಂಪು, ನೀಲಿ ಇದ್ದಲ್ಲಿ ಹಸಿರು. ರೇಣುಕಾಪ್ರಸಾದರು ಗಡಿಯಾರ ಬಿಚ್ಚಿ ಜೇಬಿಗಿಟ್ಟು, ತೋಳು ಮಡಚಿ, ತಂತಿ ಅಲುಗದಂತೆ ಹಿಡಿದು ಕೂತರು.

"ಅಪ್ಪ, ಜೀವಕೋಶ ಮಾಡೋದೂ ಇದನ್ನೇ," ಎಂದಳು ಪುಷ್ಪಾ. "ಒಂದು ಎರಡಾಗೋ ಮುಂಚೆ ಏಣಿ ನಡುವೆ ಬಿಚ್ಕೊಳ್ಳುತ್ತೆ. ಹಳೇ ಎಳೆ ಮುಂದೆ ಹೊಸ ತುಂಡುಗಳು ಬಂದು ಜೊತೆ ನೋಡ್ಕೊಂಡು ಕೂರ್ತವೆ. ಅಲ್ಲಿ ಸ್ಕೇಲೇ ಇಲ್ಲ."

ಮೂರ್ತಪ್ಪನವರು ಕೈ ನಿಲ್ಲಿಸದೆ ಯೋಚಿಸಿದರು.

"ಹಾಗಾದ್ರೆ ಹಳೇ ಎಳೇನೇ ಪ್ಯಾಟರ್ನ್. ನಮ್ಮಲ್ಲಿ ಎರಕ ಆದ್ಮೇಲೆ ಪ್ಯಾಟರ್ನ್ ಒರೆಸಿ ಸ್ಟೋರಿಗೆ ಕಳಿಸ್ತಿದ್ವಿ. ಇಲ್ಲಿ ಅದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಹೊಸದರ ಜೊತೇನೇ ಇರುತ್ತೆ. ಎರಡು ಏಣಿ ಆದ್ರೆ ಎರಡರಲ್ಲೂ ಒಂದೊಂದು ಎಳೆ ಹಳೇದು."

ಅವರು ಕೈಯಲ್ಲಿದ್ದ ತುಂಡನ್ನು ಬಿಗಿದು ಮುಗಿಸಿದರು. ಆಮೇಲೆ, ಸ್ಟೋರಿಗೆ ಹೋಗುವುದಕ್ಕಿಂತ ಅದು ಮೇಲು ಎಂದು ಮೆಲ್ಲಗೆ ಹೇಳಿ ಮುಂದಿನ ತುಂಡಿಗೆ ಕೈ ಹಾಕಿದರು.

ದೀಪ ಹಚ್ಚುವ ಹೊತ್ತಿಗೆ ಕೊನೆಯ ಜೋಡಿ ಕೂತಿತು, ಮೊದಲನೆಯದರಂತೆಯೇ, ಟಕ್ಕೆಂದು. ಒಂದು ತುದಿಯನ್ನು ಉಜ್ಜನಪ್ಪ ಹಿಡಿದ, ಇನ್ನೊಂದನ್ನು ಮೂರ್ತಪ್ಪನವರು. ಸ್ಕ್ರೂವಿನ ಸುತ್ತು ಹೇಗೋ ಹಾಗೆ, ಬಲಕ್ಕೆ, ಎಂದು ಪುಷ್ಪಾ ನಡುವೆ ನಿಂತು ಹೇಳುತ್ತಿದ್ದಳು. ತಂತಿ ನರಳಿತು, ಮರ ನರಳಲಿಲ್ಲ. ನೇರ ಏಣಿ ನಿಧಾನವಾಗಿ ಮುರಿಗೆಯಾಗಿ, ಉದ್ದದಲ್ಲಿ ಕುಗ್ಗಿ, ಪೀಠದ ಮೇಲೆ ನಿಲ್ಲಿಸಿದಾಗ ಆಳೆತ್ತರದ ಜೋಡಿ ಸುರುಳಿಯಾಗಿತ್ತು. ಎಲ್ಲಿಯೂ ಜೋಡಿ ಬಿಟ್ಟಿರಲಿಲ್ಲ. ಬೆಂಗಳೂರಿನ ಫೋನಿನ ಸುದ್ದಿಯನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ; ಕಾಲೇಜಿನ ಮೆಟ್ಟಿಲ ಬಳಿ ಇಡುವುದೋ, ಒಳಗೆ ಪ್ರಯೋಗಶಾಲೆಯಲ್ಲಿಡುವುದೋ ಎಂದು ಮಾತ್ರ ಪುಷ್ಪಾಳನ್ನು ಕೇಳಿದರು.

ಶಾಪಿನಿಂದ ಹೊರಬೀಳುವ ಪ್ರತಿ ಪ್ಯಾಟರ್ನಿನ ಅಡಿಯಲ್ಲೂ ಮಾಡಿದವನ ಗುರುತು ಕೊರೆಯುವ ಪದ್ಧತಿಯಿತ್ತು. ಮೂರ್ತಪ್ಪನವರದು ‘ಮೂ’. ಮಾದರಿಯನ್ನು ಸಾಗಿಸುವ ಹಿಂದಿನ ದಿನ ಅವರು ಪೀಠವನ್ನು ಮಗುಚಿ, ಸಣ್ಣ ಉಳಿ ಹಿಡಿದು, ಮಗಳ ಎಳೆ ನೆಟ್ಟ ಕಡೆ ಮೊದಲು ‘ಪು’ ಎಂದು ಕೊರೆದರು. ಆಮೇಲೆ ತಮ್ಮ ಎಳೆಯ ಬುಡದಲ್ಲಿ ‘ಮೂ’. ಸಣ್ಣಮ್ಮನವರು ಬಂದು ನೋಡಿ, ನನ್ನದೆಲ್ಲಿ ಎಂದರು. ನೀನು ಬಣ್ಣವನ್ನೂ ಹಚ್ಚಲಿಲ್ಲ, ಗುರುತು ಕೇಳಲು ಎಂದು ಅವರು ತಮಾಷೆ ಮಾಡಿದರೂ, ಸ್ವಲ್ಪ ಹೊತ್ತಿನ ಬಳಿಕ ಎರಡರ ನಡುವೆ ‘ಸ’ ಎಂದೂ ಕೊರೆದಿದ್ದರು.

ಟೆಂಪೋದ ಹಿಂದೆ ಹಳೆಯ ಹಾಸಿಗೆಯ ಮೇಲೆ ಮಾದರಿಯನ್ನು ಮಲಗಿಸಿ, ಮೂರ್ತಪ್ಪನವರು ಅದರ ಪಕ್ಕದಲ್ಲೇ ಕೂತು ವಿದ್ಯಾನಗರದವರೆಗೆ ಹೋದರು. ಮುಂದೆ ಕೂರಲು ಡ್ರೈವರ್ ಕರೆದರೂ ಒಪ್ಪಲಿಲ್ಲ. ಸಮಾರಂಭದ ದಿನ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಮಾದರಿಯ ಹತ್ತಿರ, ಆದರೆ ಅದಕ್ಕೆ ಒರಗದೆ, ನಿಂತಿದ್ದರು. ರೇಣುಕಾಪ್ರಸಾದರು ಭಾಷಣದಲ್ಲಿ ಭದ್ರಾವತಿಯ ಒಂದು ಮನೆಯ ನಡುಮನೆಯಲ್ಲಿ ತಾವು ತಂತಿ ಹಿಡಿದು ಕೂತಿದ್ದನ್ನು ಹೇಳಿ ವಿದ್ಯಾರ್ಥಿಗಳನ್ನು ನಗಿಸಿದರು. ಪುಷ್ಪಾ ಎರಡು ಎಳೆಗಳ ಕತೆ ಹೇಳಿದಳು. ಸ್ಕೇಲಿನ ಕತೆಯನ್ನೂ ಹೇಳಿದಳು. ಮೂರ್ತಪ್ಪನವರು ತಲೆ ತಗ್ಗಿಸಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹುಡುಗಿಯರ ಗುಂಪೊಂದು ಮಾದರಿಯ ಸುತ್ತ ನೆರೆಯಿತು. ಯಾವುದು ಅಪ್ಪನ ಎಳೆ, ಯಾವುದು ಮೇಡಂ ಎಳೆ ಎಂದು ಅವರಲ್ಲೇ ಚರ್ಚೆಯಾಯಿತು. ಗುಂಡುಗಳನ್ನು ಸವರಿ ನೋಡಿದರೂ ತಿಳಿಯಲಿಲ್ಲ. ಒಬ್ಬಳು ಮೂರ್ತಪ್ಪನವರನ್ನೇ ಕೇಳಿದಳು. ಅವರು ಬಾಗಿದ ಕಿರುಬೆರಳನ್ನು ಒಂದರ ಮೇಲಿಟ್ಟರು.

"ಇದು ಮೊದಲಿಂದು. ಅದು ಇದನ್ನ ನೋಡಿ ಕೂರಿಸಿದ್ದು."

"ಮೊದಲಿಂದು ನಿಮ್ಮದಾ ಅಂಕಲ್?"

"ಅಲ್ಲಮ್ಮ. ನನ್ನ ಮಗಳದು," ಎಂದರು ಮೂರ್ತಪ್ಪನವರು. ಅದನ್ನು ಆಚೆ ನಿಂತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದರು.

ಸಂಜೆ ಜನ್ನಾಪುರದ ತಿರುವಿನಲ್ಲಿ ಉಜ್ಜನಪ್ಪ ಕಾದಿದ್ದ. ದೂರದಿಂದಲೇ, ಏನ್ ಮಾರಾಯ, ವಾಪಸ್ ಬಂತಾ ಎಂದು ಕೂಗಿದ.

"ನಮ್ಮನೆ ಪ್ಯಾಟರ್ನ್ ವಾಪಸ್ ಬರಲ್ಲ ಕಣೋ," ಎಂದರು ಮೂರ್ತಪ್ಪನವರು. ಇಷ್ಟು ವರ್ಷ ಅವರ ಬಾಯಲ್ಲಿ ಬರುತ್ತಿದ್ದುದು ನನ್ನ ಪ್ಯಾಟರ್ನ್ ಎಂದು. ಉಜ್ಜನಪ್ಪ ಅದನ್ನು ಗಮನಿಸಿದ, ಆಡಿಕೊಳ್ಳಲಿಲ್ಲ.

ಮುಂದಿನ ವರ್ಷದ ಆಯುಧಪೂಜೆಯಲ್ಲಿ ಉಳಿ ಗರಗಸಗಳ ಸಾಲಿನ ನಡುವೆ ಎರಡು ಸ್ಕೇಲುಗಳಿದ್ದವು. ಮೂರ್ತಪ್ಪನವರು ತಮ್ಮ ಸ್ಕೇಲಿನ ತುದಿಗೆ, ಕೈ ಇನ್ನೊಮ್ಮೆ ಮರೆಯದಿರಲೆಂದು, ಕೆಂಪು ದಾರ ಸುತ್ತಿದ್ದರು. ಮಗಳ ಕಾಲೇಜಿನ ಸ್ಕೇಲಿಗೆ ದಾರವಿರಲಿಲ್ಲ. ಕುಂಕುಮವನ್ನು ಅವರು ಮೊದಲು ಅದಕ್ಕೇ ಹಚ್ಚಿದರು.